ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದೆ. ಕಣ್ಣಾರೆ ನೋಡಿದವರು ಹೇಳಿ

ಎರಡನೇಸರ್ವ್ | ಜೂನ್ 9, 2025, ಬೆಳಿಗ್ಗೆ 6.50

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಲೇಬೇಕು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಫ್ರೆಂಚ್ ಓಪನ್ ಟೆನಿಸ್ ಫೈನಲ್, ಅಲ್ಕರಾಜ್ ಮತ್ತು ಸಿನ್ನರ್ ನಡುವೆ. ಅಲ್ಕರಾಜ್ ಅಂದರೆ ನನಗೂ ನನ್ನ ಮಗನಿಗೂ ಪ್ರಾಣ. ಸಂಜೆ ಆರೂವರೆಗೆಲ್ಲ ಸಾರು, ಪಲ್ಯ ಮುಗಿಸಿ ಟೀವಿ ಮುಂದೆ ಕೂತೆವು. ಸಿನ್ನರ್ ಮೊದಲ ಎರಡು ಸೆಟ್ ಗೆದ್ದರು. ಮೂರನೆಯದು ನಮ್ಮವನಿಗೆ ಬಂತು. ನಾಲ್ಕನೆಯದರಲ್ಲಿ 3-5, ಅಲ್ಕರಾಜ್ ಸರ್ವ್, 0-40. ಅಂದರೆ ಸಿನ್ನರ್‌ಗೆ ಒಂದೇ ಒಂದು ಪಾಯಿಂಟ್ ಸಾಕು, ಕಪ್ ಅವರದೇ. ಚಾಂಪಿಯನ್‌ಷಿಪ್ ಪಾಯಿಂಟ್ ಅನ್ನುವುದು ಅದಕ್ಕೇ.

ನಾನು ಎದ್ದು ಹೋದೆ. ಅವನು ಸೋಲುವುದನ್ನು ನೋಡಲು ಆಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಪಾತ್ರೆ ತೊಳೆಯಲು ನಿಂತೆ, ಟೀವಿ ಶಬ್ದ ಕೇಳಬಾರದು ಅಂತ. ಒಂದೆರಡು ನಿಮಿಷಕ್ಕೆ ಮಗ ಕಿರುಚಿದ. ಮುಗಿಯಿತು ಅಂದುಕೊಂಡೆ. ಮತ್ತೆ ಕಿರುಚಿದ. ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವನೂ ನಮ್ಮ ಮನೆಯವರೂ ಒಟ್ಟಿಗೆ, "ಬರಬೇಡ, ಅಲ್ಲೇ ಇರು! ನೀನು ಹೋದ ಮೇಲೆ ಉಳಿದುಕೊಂಡ!" ಅಂದರು. ನಾಲ್ಕನೇ ಸೆಟ್ 6-6 ಆಗಿ, ಅದನ್ನು ತೀರ್ಮಾನಿಸುವ ಟೈಬ್ರೇಕ್ ಮುಗಿಯುವವರೆಗೂ ನಾನು ಸಿಂಕ್ ಪಕ್ಕದಲ್ಲೇ ನಿಂತಿದ್ದೆ.

ಐದನೇ ಸೆಟ್ ಪೂರ್ತಿ ನೋಡಿದೆ. ಗೆದ್ದಾಗ ಮಗನನ್ನು ಅಪ್ಪಿಕೊಂಡು ಅತ್ತೆ. ಆಮೇಲೆ ಆ ಎರಡು ಪಾಯಿಂಟ್‌ಗಳನ್ನು ಫೋನಿನಲ್ಲಿ ಹತ್ತು ಸಲ ಹಾಕಿ ನೋಡಿದ್ದೇನೆ. ಆದರೆ ಏನಾಗುತ್ತದೆ ಅಂತ ಗೊತ್ತಿದ್ದು ನೋಡುವುದು ಬೇರೆ, ಗೊತ್ತಿಲ್ಲದೆ ನೋಡುವುದು ಬೇರೆ. ಎಷ್ಟು ಸಲ ನೋಡಿದರೂ ಅದು ಸಿಗುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ಹೊತ್ತಿನಲ್ಲಿ ಎದ್ದು ಹೋಗದೆ ಕೂತಿದ್ದವರು ಯಾರಿದ್ದೀರಿ? ನಿಮಗೆ ಏನನ್ನಿಸಿತು? ವಿವರವಾಗಿ ಹೇಳಿ.

ಲೆಕ್ಕದಮೇಷ್ಟ್ರು | ಬೆಳಿಗ್ಗೆ 7.05

ಎರಡಲ್ಲ, ಮೂರು ಪಾಯಿಂಟ್. 0-40 ಅಂದ ಮೇಲೆ ಮೂರು. ಶೀರ್ಷಿಕೆಯಲ್ಲಿ ಸರಿಯಾಗಿದೆ, ಒಳಗೆ ತಪ್ಪಿದ್ದೀರಿ.

ಎರಡನೇಸರ್ವ್ | ಬೆಳಿಗ್ಗೆ 7.08

ಹೌದು ಸರ್, ಮೂರು. ನಿದ್ದೆ ಇಲ್ಲ ಅಂದೆನಲ್ಲ.

ಕುಡ್ಲದವ | ಬೆಳಿಗ್ಗೆ 7.20

ನಾನು ಕೂತಿದ್ದೆ ಮಾರಾಯ್ರೆ. ನನಗೆ ಏನೂ ಅನ್ನಿಸಲಿಲ್ಲ, ಸತ್ಯವಾಗಿ. ಸೋತಾಯಿತು ಅಂತ ಮನಸ್ಸು ಮೊದಲೇ ಒಪ್ಪಿಕೊಂಡಿತ್ತು. 15-40 ಆಯಿತು, ಸರಿ, ಮರ್ಯಾದೆಗೆ ಒಂದು ಅಂದುಕೊಂಡೆ. 30-40 ಆದಾಗ ಬೆನ್ನು ನೆಟ್ಟಗೆ ಮಾಡಿ ಕೂತೆ. ಡ್ಯೂಸ್, ಅಂದರೆ 40-40 ಆದಾಗ ನೋಡುತ್ತೇನೆ, ನನಗೇ ಗೊತ್ತಿಲ್ಲದ ಹಾಗೆ ಎದ್ದು ನಿಂತಿದ್ದೇನೆ. ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟ್ ಹೋಗದೇ ಇರಲಿ ಅಂತ ಅದೊಂದೇ ಬೇಡಿಕೊಂಡಿದ್ದು.

ಆದರೆ ನನ್ನ ಪ್ರಕಾರ ನಿಜವಾದ ಆಟ ಆಮೇಲಿನದು. 5-4ರಲ್ಲಿ ಸಿನ್ನರ್ ಪಂದ್ಯಕ್ಕಾಗಿ ಸರ್ವ್ ಮಾಡಿದರಲ್ಲ, ಅಲ್ಲಿ ಬ್ರೇಕ್ ಮಾಡಿದ್ದು, ಅಂದರೆ ಎದುರಾಳಿಯ ಸರ್ವ್ ಇದ್ದ ಗೇಮನ್ನೇ ಗೆದ್ದದ್ದು. ಮೂರು ಪಾಯಿಂಟ್ ಉಳಿಸಿಕೊಂಡು ಮುಂದಿನ ಗೇಮ್‌ನಲ್ಲಿ ಸೋತಿದ್ದರೆ ಇವತ್ತು ಯಾರೂ ಅದರ ಮಾತು ಎತ್ತುತ್ತಿರಲಿಲ್ಲ. ನೀವು ಅದನ್ನೂ ನೋಡಲಿಲ್ಲ ಅಂದರೆ ನಷ್ಟ ಜಾಸ್ತಿಯೇ.

ಸಿನ್ನರ್‌ಪಕ್ಷ | ಬೆಳಿಗ್ಗೆ 7.41

ನಾನೂ ನೋಡುತ್ತಿದ್ದೆ, ಆಚೆ ಕಡೆಯಿಂದ. ಫೈನಲ್‌ವರೆಗೆ ಒಂದು ಸೆಟ್ ಕೂಡ ಬಿಟ್ಟುಕೊಡದೆ ಬಂದ ಹುಡುಗ. 0-40 ಆದಾಗ ನಾನು ಫೋನ್ ಕೈಗೆತ್ತಿಕೊಂಡು ತಮ್ಮನಿಗೆ "ಗೆದ್ದ" ಅಂತ ಬರೆದು ಇಟ್ಟುಕೊಂಡಿದ್ದೆ, ಕಳಿಸುವುದೊಂದೇ ಬಾಕಿ. ಆ ಮೆಸೇಜ್ ಇನ್ನೂ ಹಾಗೇ ಇದೆ. ಅಳಿಸಲು ಮನಸ್ಸು ಬರುತ್ತಿಲ್ಲ.

ದಯವಿಟ್ಟು ಇಲ್ಲಿ ಯಾರೂ "ಸಿನ್ನರ್ ಹೆದರಿದ" ಅಂತ ಬರೆಯಬೇಡಿ. ಹೆದರಿದವನು ಐದನೇ ಸೆಟ್‌ನಲ್ಲಿ ಹಿಂದೆ ಬಿದ್ದು, ಅಲ್ಕರಾಜ್ 5-4ರಲ್ಲಿ ಪಂದ್ಯಕ್ಕೆ ಸರ್ವ್ ಮಾಡುವಾಗ ಬ್ರೇಕ್ ಮಾಡಿ 6-5ಕ್ಕೆ ಮುಂದೆ ಹೋಗುತ್ತಾನಾ?

ಧಾರವಾಡಫೇಡಾ | ಬೆಳಿಗ್ಗೆ 7.55

ಖರೆ ಮಾತು ರೀ. ನಾನು ಅಲ್ಕರಾಜ್ ಕಡೆಯವನು, ಆದರೂ ಕೊನೆಗೆ ಕ್ಯಾಮೆರಾ ಸಿನ್ನರ್ ಕುರ್ಚಿ ಕಡೆ ಹೋದಾಗ ಗಂಟಲು ಕಟ್ಟಿತು. ಐದೂವರೆ ತಾಸು ಆಡಿ ಬರಿಗೈಲಿ ಕೂತಿದ್ದ. ಟೆನಿಸ್ ಇತಿಹಾಸದ ಅತಿ ದೀರ್ಘ ಗ್ರ್ಯಾಂಡ್‌ಸ್ಲ್ಯಾಮ್ ಫೈನಲ್ ಅದು, ಭಾಳ ದೊಡ್ಡದು.

ಲೆಕ್ಕದಮೇಷ್ಟ್ರು | ಬೆಳಿಗ್ಗೆ 8.02

ಫ್ರೆಂಚ್ ಓಪನ್‌ನ ಅತಿ ದೀರ್ಘ ಫೈನಲ್ ಅನ್ನಿ. 5 ಗಂಟೆ 29 ನಿಮಿಷ. ಮೊದಲು ಇದ್ದದ್ದು 1982ರಲ್ಲಿ ವಿಲಾಂಡರ್ ವಿಲಾಸ್‌ರನ್ನು ಸೋಲಿಸಿದ್ದು, 4 ಗಂಟೆ 42 ನಿಮಿಷ. ಎಲ್ಲ ಗ್ರ್ಯಾಂಡ್‌ಸ್ಲ್ಯಾಮ್ ಸೇರಿಸಿದರೆ 2012ರ ಆಸ್ಟ್ರೇಲಿಯನ್ ಓಪನ್, ಜೊಕೊವಿಚ್ ಮತ್ತು ನಡಾಲ್, 5 ಗಂಟೆ 53 ನಿಮಿಷ. ಅದನ್ನು ಇನ್ನೂ ಯಾರೂ ಮುರಿದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಸ್ಕೋರ್ 4-6, 6-7, 6-4, 7-6, 7-6. ಒಟ್ಟು ಪಾಯಿಂಟ್ ಎಣಿಸಿದರೆ ಸಿನ್ನರ್ 193, ಅಲ್ಕರಾಜ್ 192. ಜಾಸ್ತಿ ಪಾಯಿಂಟ್ ಗೆದ್ದವರು ಸೋತರು.

ತೋಟದಮನೆ | ಬೆಳಿಗ್ಗೆ 8.10

ಇದೇ ನನಗೆ ಟೆನಿಸ್‌ನಲ್ಲಿ ಅರ್ಥವಾಗದ ವಿಷಯ. ಜಾಸ್ತಿ ಪಾಯಿಂಟ್ ಗಳಿಸಿದವನು ಸೋಲುವುದು ಅಂದರೆ ಅನ್ಯಾಯ ಅಲ್ವಾ? ಕಬಡ್ಡಿಯಲ್ಲಿ ಹೀಗೆ ಆಗುತ್ತದಾ?

ಕುಡ್ಲದವ | ಬೆಳಿಗ್ಗೆ 8.14

ಅನ್ಯಾಯ ಏನಿಲ್ಲ. ಕಬಡ್ಡಿಯಲ್ಲಿ ಸಮಯ ಮುಗಿದರೆ ಆಟ ಮುಗಿಯಿತು, ದೊಡ್ಡ ಅಂತರ ಇದ್ದರೆ ಕೊನೆಯ ಐದು ನಿಮಿಷ ಸುಮ್ನೆ ಓಡಾಡಿದರೂ ಗೆಲ್ಲಬಹುದು. ಟೆನಿಸ್‌ನಲ್ಲಿ ಸಮಯವೇ ಇಲ್ಲ. ಕೊನೆಯ ಪಾಯಿಂಟ್ ನೀವೇ ಗೆಲ್ಲಬೇಕು, ಯಾರೂ ತಂದು ಕೊಡುವುದಿಲ್ಲ. ಅದಕ್ಕೇ 0-40ರಿಂದಲೂ ಬದುಕಿ ಬರಲು ಆಗುವುದು.

ಬ್ಯಾಕ್‌ಹ್ಯಾಂಡ್‌ಭಕ್ತ | ಬೆಳಿಗ್ಗೆ 8.37

ಜಾಸ್ತಿ ಪಾಯಿಂಟ್ ಗೆದ್ದು ಸೋಲುವುದರ ಬಗ್ಗೆ ನನ್ನನ್ನು ಕೇಳಿ. ನಾನು ಫೆಡರರ್ ಅಭಿಮಾನಿ.

2019ರ ಜುಲೈ 14. ಅವತ್ತು ಕ್ರಿಕೆಟ್ ವಿಶ್ವಕಪ್ ಫೈನಲ್ ಕೂಡ. ಮನೆಯಲ್ಲಿ ಒಂದೇ ಟೀವಿ. ಅಣ್ಣ ಲಾರ್ಡ್ಸ್ ನೋಡಬೇಕು ಅಂತ, ನಾನು ವಿಂಬಲ್ಡನ್ ನೋಡಬೇಕು ಅಂತ. ಕೊನೆಗೆ ಅಪ್ಪ ತೀರ್ಮಾನ ಕೊಟ್ಟರು: ಓವರ್ ಮುಗಿದಾಗ ಟೆನಿಸ್, ಟೆನಿಸ್‌ನವರು ಕೂತಾಗ ಕ್ರಿಕೆಟ್. ಒಂದೇ ನಗರದಲ್ಲಿ ಒಂದೇ ಸಂಜೆ ಅಂಥ ಎರಡು ಪಂದ್ಯ! ಆ ರಿಮೋಟ್‌ನ ಬಟನ್ ಅಕ್ಷರ ಅಳಿಸಿಹೋಗಿದ್ದು ಅವತ್ತೇ ಇರಬೇಕು.

ಐದನೇ ಸೆಟ್, ಫೆಡರರ್ 8-7, ಅವರದೇ ಸರ್ವ್, 40-15. ಎರಡು ಚಾಂಪಿಯನ್‌ಷಿಪ್ ಪಾಯಿಂಟ್. ಎರಡೂ ಹೋದವು. 13-12ಕ್ಕೆ ಜೊಕೊವಿಚ್ ಗೆದ್ದರು. ಒಟ್ಟು ಪಾಯಿಂಟ್‌ನಲ್ಲಿ ಫೆಡರರ್ 218, ಜೊಕೊವಿಚ್ 204. ಹದಿನಾಲ್ಕು ಜಾಸ್ತಿ! ಆರು ವರ್ಷ ಆಗುತ್ತಾ ಬಂತು, ಇವತ್ತಿಗೂ ಯಾವ ಪಂದ್ಯದಲ್ಲಾದರೂ 40-15 ಅಂತ ಕಂಡರೆ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ.

ಎರಡನೇಸರ್ವ್ ಅವರೇ, ನಾನು ಎದ್ದು ಹೋಗಲಿಲ್ಲ. ಕೂತು ನೋಡಿದೆ. ಎದ್ದು ಹೋಗಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದ್ದರಿಂದ ನೀವು ಬೇಸರ ಮಾಡಿಕೊಳ್ಳಬೇಡಿ.

ಸಿನ್ನರ್‌ಪಕ್ಷ | ಬೆಳಿಗ್ಗೆ 8.45

ಭಕ್ತರೇ, ಇವತ್ತು ನಿಮ್ಮ ನೋವು ಅರ್ಥವಾಯಿತು. 2019ರಲ್ಲಿ ನಾನು ಜೊಕೊವಿಚ್ ಕಡೆ ಇದ್ದೆ.

ಲೆಕ್ಕದಮೇಷ್ಟ್ರು | ಬೆಳಿಗ್ಗೆ 8.52

ಓಪನ್ ಯುಗದಲ್ಲಿ, ಅಂದರೆ 1968ರಿಂದ ಈಚೆಗೆ, ಗ್ರ್ಯಾಂಡ್‌ಸ್ಲ್ಯಾಮ್ ಫೈನಲ್‌ನಲ್ಲಿ ಚಾಂಪಿಯನ್‌ಷಿಪ್ ಪಾಯಿಂಟ್ ಉಳಿಸಿಕೊಂಡು ಗೆದ್ದ ಗಂಡಸರು ಮೂವರೇ. 2004ರ ಫ್ರೆಂಚ್ ಓಪನ್‌ನಲ್ಲಿ ಗೌಡಿಯೊ, 2019ರಲ್ಲಿ ಜೊಕೊವಿಚ್, ಈಗ ಅಲ್ಕರಾಜ್. ಮೊದಲಿನ ಇಬ್ಬರು ಎರಡೆರಡು ಪಾಯಿಂಟ್ ಉಳಿಸಿಕೊಂಡರು. ಇವನು ಮೂರು. ಅದೂ ವೃತ್ತಿಜೀವನದಲ್ಲಿ ಎರಡು ಸೆಟ್ ಹಿಂದೆ ಬಿದ್ದು ಗೆದ್ದಿದ್ದು ಇದೇ ಮೊದಲ ಸಲ.

ತುಂಗಾತೀರ | ಬೆಳಿಗ್ಗೆ 9.30

ಪ್ರಶ್ನೆ ಕಣ್ಣಾರೆ ನೋಡುವುದರ ಬಗ್ಗೆ ಅಲ್ವಾ? ಹಾಗಾದರೆ ನನ್ನದು ಕೇಳಿ. ನಾನು ಜೀವನದಲ್ಲಿ ನೋಡಿದ ಅತಿ ದೊಡ್ಡ ಪಂದ್ಯದ ಕೊನೆಯ ಅರ್ಧ ಗಂಟೆ ನಾನು ನೋಡಿಯೇ ಇಲ್ಲ.

2008ರ ಜುಲೈ 6, ವಿಂಬಲ್ಡನ್, ನಡಾಲ್ ಮತ್ತು ಫೆಡರರ್. ನಾವಿದ್ದದ್ದು ತೀರ್ಥಹಳ್ಳಿ ಹತ್ತಿರ, ಮನೆ ಸುತ್ತ ಅಡಿಕೆ ತೋಟ. ಲಂಡನ್‌ನಲ್ಲೂ ಮಳೆ, ನಮ್ಮಲ್ಲೂ ಮಳೆ. ಅಲ್ಲಿ ಮಳೆಗೆ ಆಟ ಎರಡು ಸಲ ನಿಂತಿತು. ಆಗ ಸೆಂಟರ್ ಕೋರ್ಟ್‌ಗೆ ಚಾವಣಿ ಇರಲಿಲ್ಲ, ಮರುವರ್ಷ ಬಂತು. ನಾಲ್ಕನೇ ಸೆಟ್ ಟೈಬ್ರೇಕ್‌ನಲ್ಲಿ ಫೆಡರರ್ 7-8 ಹಿಂದಿರುವಾಗ ಬ್ಯಾಕ್‌ಹ್ಯಾಂಡ್‌ನಲ್ಲಿ ಹೊಡೆದರಲ್ಲ, ಆ ಪಾಸಿಂಗ್ ಶಾಟ್‌ವರೆಗೂ ನೋಡಿದೆ. ಐದನೇ ಸೆಟ್ ನಡುವೆ ನಮ್ಮ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಹೋದರೆ ಬೆಳಗಾಗುವ ತನಕ ಬರುವುದಿಲ್ಲ, ಎಲ್ಲೋ ಮರ ಬಿದ್ದಿರುತ್ತದೆ. ಲ್ಯಾಂಡ್‌ಲೈನ್‌ನಿಂದ ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೆರಡು ದಾಟಿತ್ತು. ಅವನು ಟೀವಿ ಮುಂದೆ ಕೂತು ಒಂದೊಂದೇ ಪಾಯಿಂಟ್ ಹೇಳುತ್ತಾ ಹೋದ. "ಸರ್ವ್ ಮಾಡ್ತಿದ್ದಾನೆ... ನೆಟ್... ಎರಡನೇದು... ಆಡ್ತಿದ್ದಾರೆ, ಆಡ್ತಿದ್ದಾರೆ..." ಆ ಆಡ್ತಿದ್ದಾರೆ ಅನ್ನುವಾಗ ನನ್ನ ಉಸಿರು ನಿಂತಿರುತ್ತಿತ್ತು. ಅಪ್ಪ ಸೀಮೆಎಣ್ಣೆ ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಟೆನಿಸ್ ಗೊತ್ತಿಲ್ಲ. ನನ್ನ ಮುಖ ನೋಡಿ ಯಾರು ಮುಂದಿದ್ದಾರೆ ಅಂತ ತಿಳಿದುಕೊಳ್ಳುತ್ತಿದ್ದರು.

9-7. ನಡಾಲ್ ಗೆದ್ದರು. ಲಂಡನ್‌ನಲ್ಲಿ ಕತ್ತಲಾಗುತ್ತಿತ್ತಂತೆ, ಚೆಂಡು ಕಾಣುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲೂ ಕತ್ತಲೆ. ಆಮೇಲೆ ಆ ಸೆಟ್ಟನ್ನು ಎಷ್ಟೋ ಸಲ ಪೂರ್ತಿ ನೋಡಿದ್ದೇನೆ. ಆದರೆ ನನಗೆ ನೆನಪಾಗುವುದು ಅವನ ಧ್ವನಿ, ಆ ದೀಪ. ಕಣ್ಣಾರೆ ನೋಡಿದರೇ ಆಯಿತು ಅಂತೇನಿಲ್ಲ. ನಲ್ಲಿ ಶಬ್ದದ ನಡುವೆ ಮಗ ಕಿರುಚಿದ್ದನ್ನು ಕೇಳಿದಿರಲ್ಲ, ನಿಮ್ಮ ಪಂದ್ಯ ಅದೇ.

ಎರಡನೇಸರ್ವ್ | ಬೆಳಿಗ್ಗೆ 9.44

ಇದನ್ನು ಓದಿ ಕಣ್ಣು ತುಂಬಿತು. ಸಂಜೆ ಮಗನಿಗೂ ಓದಿ ಹೇಳುತ್ತೇನೆ.

ಬ್ಯಾಕ್‌ಹ್ಯಾಂಡ್‌ಭಕ್ತ | ಬೆಳಿಗ್ಗೆ 9.50

ತುಂಗಾತೀರ ಅವರೇ, ಬರಹ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ನಿಮಗೆ ಕರೆಂಟ್ ಹೋಯಿತು, ಅದು ನಿಮ್ಮ ಕೈಯಲ್ಲಿರಲಿಲ್ಲ. ಇವರು ತಾವಾಗಿಯೇ ಎದ್ದು ಹೋದರು. ಎರಡೂ ಒಂದೇ ಹೇಗಾಗುತ್ತದೆ?

ತುಂಗಾತೀರ | ಬೆಳಿಗ್ಗೆ 10.15

ಬೆಳಿಗ್ಗೆ ನೀವೇ ಎದ್ದು ಹೋಗಬೇಕಿತ್ತು ಅಂತ ಬರೆದಿರಲ್ಲ?

ಬ್ಯಾಕ್‌ಹ್ಯಾಂಡ್‌ಭಕ್ತ | ಬೆಳಿಗ್ಗೆ 10.18

ಬರೆದೆ. ಆದರೂ ಕೂತೆ. ಫೆಡರರ್ ಹದಿನೈದು ವರ್ಷ ನನಗೆ ಅಷ್ಟು ಸಂತೋಷ ಕೊಟ್ಟಿದ್ದರು, ಸೋಲುವಾಗ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಕಬ್ಬನ್‌ಪಾರ್ಕ್ | ಬೆಳಿಗ್ಗೆ 10.40

ಟೀವಿ, ಫೋನ್ ಎಲ್ಲ ಸರಿ. ಕೋರ್ಟ್ ಪಕ್ಕದಲ್ಲಿ ಕೂತು ನೋಡುವುದಿದೆಯಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ.

2014ರ ಸೆಪ್ಟೆಂಬರ್. ಕಬ್ಬನ್ ಪಾರ್ಕ್ ಒಳಗಿನ ನಮ್ಮ ಟೆನಿಸ್ ಕ್ರೀಡಾಂಗಣದಲ್ಲಿ ಭಾರತ-ಸರ್ಬಿಯಾ ಡೇವಿಸ್ ಕಪ್, ದೇಶ ದೇಶಗಳ ನಡುವಿನ ಟೆನಿಸ್. ಮೊದಲ ದಿನ ಎರಡೂ ಸಿಂಗಲ್ಸ್ ಸೋತಿದ್ದೆವು. ಶನಿವಾರ ಡಬಲ್ಸ್: ಪೇಸ್ ಮತ್ತು ನಮ್ಮ ಬೋಪಣ್ಣ, ಎದುರು ಝಿಮೊನಿಚ್ ಮತ್ತು ಬೊಜೊಲ್ಯಾಕ್. ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕ್‌ನಲ್ಲಿ ಹೋಯಿತು. ನನ್ನ ಪಕ್ಕದವರು ಊಟದ ಡಬ್ಬಿ ಮುಚ್ಚಿಕೊಂಡು ಎದ್ದರು. ಗೇಟ್ ತನಕ ಹೋದವರು ಮೂರನೇ ಸೆಟ್‌ನ ಕೂಗು ಕೇಳಿ ಓಡಿ ವಾಪಸ್ ಬಂದರು. 6-3, 6-3, ಕೊನೆಗೆ 8-6. ಎರಡು ಸೆಟ್ ಹಿಂದಿನಿಂದ! ಮಾರನೇ ದಿನ ಸೋಮದೇವ್ ಕೂಡ ಐದು ಸೆಟ್ ಆಡಿ 2-2 ಮಾಡಿದರು. ಕೊನೆಯ ಪಂದ್ಯಕ್ಕೆ ಮಳೆ ಬಂತು, ಸೋಮವಾರ ಸೋತೆವು. ಆದರೂ ಆ ಶನಿವಾರದ ಗದ್ದಲ ಇನ್ನೂ ಕಿವಿಯಲ್ಲಿದೆ.

ಚೆಂಡು ರಾಕೆಟ್‌ಗೆ ಬಡಿಯುವ ಶಬ್ದ ಟೀವಿಯಲ್ಲಿ ಕೇಳುವ ಹಾಗಲ್ಲ. ಎದೆಗೆ ತಾಕುತ್ತದೆ. ಬೆಂಗಳೂರು ಓಪನ್ ನಡೆಯುವಾಗ ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಕಾಫಿತೋಟ | ಬೆಳಿಗ್ಗೆ 11.02

ಬೋಪಣ್ಣ ಹೆಸರು ಬಂದ ಮೇಲೆ ಕೊಡಗಿನವಳು ಸುಮ್ಮನಿರಲು ಆಗುತ್ತದಾ! ಫ್ರೆಂಚ್ ಓಪನ್ ಅಂದರೆ ನಮಗೆ 2017. ಮಿಶ್ರ ಡಬಲ್ಸ್ ಫೈನಲ್, ಕೆನಡಾದ ಡಬ್ರೊವ್‌ಸ್ಕಿ ಜೊತೆ. 2-6, 6-2, ಕೊನೆಯ ಟೈಬ್ರೇಕ್ 12-10. ಅಲ್ಲೂ ಎದುರಾಳಿಗಳಿಗೆ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಇತ್ತು, ಉಳಿಸಿಕೊಂಡರು. ಬೋಪಣ್ಣ ಅವರಿಗೆ ಆಗ 37 ವರ್ಷ, ಮೊದಲ ಗ್ರ್ಯಾಂಡ್‌ಸ್ಲ್ಯಾಮ್.

ಆಮೇಲೆ 2024ರ ಜನವರಿ, ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್. 43 ವರ್ಷಕ್ಕೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅವತ್ತು ತೋಟದ ಕೆಲಸದವರು, ನಮ್ಮ ಲೈನ್‌ಮನೆಯವರೆಲ್ಲ ಕಾಫಿ ಕೊಯ್ಲು ಮುಗಿಸಿ ಬಂದು ನಮ್ಮ ಜಗಲಿಯಲ್ಲೇ ಕೂತು ನೋಡಿದರು. ಟೈಬ್ರೇಕ್ 7-0 ಆದಾಗ ಒಬ್ಬ ಅಜ್ಜಿ, "ಎದುರಿನವರಿಗೆ ಒಂದಾದರೂ ಕೊಡಬಾರದಾ" ಅಂದರು.

ತೋಟದಮನೆ | ಬೆಳಿಗ್ಗೆ 11.10

ಅಜ್ಜಿ ಹೇಳಿದ್ದು ಚೆನ್ನಾಗಿದೆ!

ಡಬ್ಲಿನ್‌ಕನ್ನಡಿಗ | ಮಧ್ಯಾಹ್ನ 1.25

ನಮಗೆ ಪಂದ್ಯ ಶುರುವಾಗಿದ್ದು ಮಧ್ಯಾಹ್ನ ಎರಡಕ್ಕೆ. ನಾಲ್ಕನೇ ಸೆಟ್ ಹೊತ್ತಿಗೆ ಗೆಳೆಯನ ಮಗುವಿನ ನಾಮಕರಣದಿಂದ ಬಸ್‌ನಲ್ಲಿ ವಾಪಸ್ ಬರುತ್ತಿದ್ದೆ. ನೆಟ್ ನಿಧಾನ. ವಿಡಿಯೊ ಬರಲಿಲ್ಲ, ಸ್ಕೋರ್ ಮಾತ್ರ. 0-40 ಅಂತ ಬಂದು ಹಾಗೇ ನಿಂತುಬಿಟ್ಟಿತು. ಎಷ್ಟು ಎಳೆದರೂ 0-40. ಎರಡು ಸ್ಟಾಪ್ ದಾಟಿದ ಮೇಲೆ ಒಂದೇ ಸಲ 5-5 ಅಂತ ಬಂತು. ತಪ್ಪು ತೋರಿಸುತ್ತಿದೆ ಅಂತ ಆ್ಯಪ್ ಮುಚ್ಚಿ ತೆಗೆದೆ. 5-5! ಆ ಕ್ಷಣ ನನಗೆ ಮಾತ್ರ ಸಿಕ್ಕಿದ್ದು, ಟೀವಿ ನೋಡಿದ ನಿಮಗ್ಯಾರಿಗೂ ಸಿಕ್ಕಿಲ್ಲ.

ಧಾರವಾಡಫೇಡಾ | ಮಧ್ಯಾಹ್ನ 1.40

ಸ್ಕೋರ್ ನೋಡುವುದೂ ನೋಡಿದ ಹಾಗೇನಾ? ನಾನು ಒಪ್ಪೂದಿಲ್ಲ ರೀ. ಆ ಡ್ರಾಪ್ ಶಾಟ್, ಆ ಓಟ, ಮಣ್ಣಿನ ಮೇಲೆ ಜಾರಿಕೊಂಡು ಹೋಗಿ ಹೊಡೆಯುವುದು, ಅದೆಲ್ಲ ಅಂಕಿಯಲ್ಲಿ ಎಲ್ಲಿ ಸಿಗಬೇಕು?

ಡಬ್ಲಿನ್‌ಕನ್ನಡಿಗ | ಮಧ್ಯಾಹ್ನ 1.52

ಆಟ ಸಿಗುವುದಿಲ್ಲ, ಒಪ್ಪಿದೆ. ಎದೆ ಹೊಡೆದುಕೊಳ್ಳುವುದು ಸಿಗುತ್ತದೆ.

ಮಾಗಡಿರೋಡ್ | ಮಧ್ಯಾಹ್ನ 2.30

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಮಂಗಳವಾರ ಆರ್‌ಸಿಬಿ ಗೆದ್ದಾಗ ಹದಿನೆಂಟು ವರ್ಷದ ಕಾಯುವಿಕೆ ಮುಗಿಯಿತು ಅಂತ ಬೀದಿಗೆ ಬಂದು ಕುಣಿದಿದ್ದೆ. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಅಭಿಮಾನಿಗಳೇ ಅವರೆಲ್ಲ, ನಮ್ಮ ಹಾಗೆ. ಆಮೇಲೆ ಯಾವ ಆಟವೂ ಬೇಡ ಅನ್ನಿಸಿತ್ತು. ನಿನ್ನೆ ಹೆಂಡತಿ ಸುಮ್ನೆ ಚಾನೆಲ್ ತಿರುಗಿಸುವಾಗ ಟೆನಿಸ್ ಬಂತು. ಐದು ದಿನ ಆದ ಮೇಲೆ ಮೊದಲ ಸಲ ಚಪ್ಪಾಳೆ ಹೊಡೆದೆ. ಹೊಡೆದ ಮೇಲೆ ಹೊಡೆಯಬಾರದಿತ್ತೇನೋ ಅಂತಲೂ ಅನ್ನಿಸಿತು.

ಕಾಫಿತೋಟ | ಮಧ್ಯಾಹ್ನ 2.41

ಹಾಗೆ ಅಂದುಕೊಳ್ಳಬೇಡಿ ಅಣ್ಣ. ಹೋದವರೂ ಚಪ್ಪಾಳೆ ಹೊಡೆಯಲು ಬಂದವರೇ.

ಕಬ್ಬನ್‌ಪಾರ್ಕ್ | ಮಧ್ಯಾಹ್ನ 2.50

ಅವರ ಮನೆಯವರಿಗೆ ನ್ಯಾಯ ಸಿಗಲಿ.

ತೋಟದಮನೆ | ಸಂಜೆ 5.15

ಒಂದು ಸಂಶಯ. ಐದನೇ ಸೆಟ್ 6-6 ಆದ ಮೇಲೆ ಹತ್ತು ಪಾಯಿಂಟ್ ಟೈಬ್ರೇಕ್ ಆಡಿಸಿದರಲ್ಲ, ಮೊದಲು ಹೀಗಿರಲಿಲ್ಲ ಅಲ್ವಾ?

ಲೆಕ್ಕದಮೇಷ್ಟ್ರು | ಸಂಜೆ 5.30

ಇರಲಿಲ್ಲ. 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲ್ಯಾಮ್‌ಗೆ ಒಂದೇ ನಿಯಮ ಬಂತು. ಫ್ರೆಂಚ್ ಓಪನ್ ಪುರುಷರ ಫೈನಲ್ ಹೀಗೆ ಮುಗಿದದ್ದು ಇದೇ ಮೊದಲು. ಹಿಂದೆ ಫ್ರೆಂಚ್ ಓಪನ್‌ನಲ್ಲಿ ಎರಡು ಗೇಮ್ ಅಂತರ ಬರುವವರೆಗೂ ಆಡಬೇಕಿತ್ತು, ವಿಂಬಲ್ಡನ್‌ನಲ್ಲೂ 2018ರವರೆಗೆ ಹಾಗೇ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹುತ್ ಕೊನೆಯ ಸೆಟ್ಟನ್ನು 70-68ಕ್ಕೆ ಮುಗಿಸಿದರು. ಒಟ್ಟು 11 ಗಂಟೆ 5 ನಿಮಿಷ, ಮೂರು ದಿನ.

ಸಿನ್ನರ್‌ಪಕ್ಷ | ಸಂಜೆ 5.48

ಹಳೇ ನಿಯಮವೇ ಚೆನ್ನಾಗಿತ್ತು. ಐದೂಕಾಲು ಗಂಟೆ ಸಮಸಮ ಆಡಿದವರನ್ನು ಹತ್ತು ಪಾಯಿಂಟ್‌ನಲ್ಲಿ ತೀರ್ಮಾನ ಮಾಡುವುದು ಸರಿಯಲ್ಲ.

ಕುಡ್ಲದವ | ಸಂಜೆ 6.00

ಸಮಸಮ ಎಲ್ಲಿ? ಆ ಟೈಬ್ರೇಕ್‌ನಲ್ಲಿ ಅಲ್ಕರಾಜ್ 7-0 ಮುಂದಿದ್ದ. ಮುಗಿದದ್ದು 10-2. ಆ ಕೊನೆಯ ಫೋರ್‌ಹ್ಯಾಂಡ್ ನೋಡಿದಿರಲ್ಲ, ಓಡುತ್ತಾ ಗೆರೆಗುಂಟ ಹೊಡೆದದ್ದು. ಅಷ್ಟು ಹೊತ್ತು ಆಡಿದ ಮೇಲೆ ಕಾಲಲ್ಲಿ ಅಷ್ಟು ಶಕ್ತಿ ಉಳಿಸಿಕೊಂಡವನೇ ಗೆಲ್ಲಬೇಕು. ಮತ್ತೆ, ಆಟಗಾರರ ದೇಹದ ಬಗ್ಗೆಯೂ ಯೋಚಿಸಿ. ಇನ್ನು ಮೂರು ವಾರಕ್ಕೆ ವಿಂಬಲ್ಡನ್.

ತುಂಗಾತೀರ | ರಾತ್ರಿ 8.20

ಮೇಷ್ಟ್ರಿಗೆ ಒಂದು ಲೆಕ್ಕ ನಾನೂ ಕೊಡುತ್ತೇನೆ. ಅಲ್ಕರಾಜ್‌ಗೆ ಇದು ಐದನೇ ಗ್ರ್ಯಾಂಡ್‌ಸ್ಲ್ಯಾಮ್, ವಯಸ್ಸು 22 ವರ್ಷ, 1 ತಿಂಗಳು, 3 ದಿನ. ನಡಾಲ್ ಐದನೆಯದು ಗೆದ್ದದ್ದು ನಾನು ಹೇಳಿದ ಆ 2008ರ ರಾತ್ರಿ. ಅವರಿಗೂ ಆಗ 22 ವರ್ಷ, 1 ತಿಂಗಳು, 3 ದಿನ.

ಲೆಕ್ಕದಮೇಷ್ಟ್ರು | ರಾತ್ರಿ 8.31

ಎಣಿಸಿ ನೋಡಿದೆ. ಸರಿ ಇದೆ. ಮೈ ಜುಂ ಅಂತು.

ಎರಡನೇಸರ್ವ್ | ರಾತ್ರಿ 9.40

ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಎಲ್ಲ ಓದಿ ಹೇಳಿದೆ. ನಾನು ಪಾತ್ರೆ ತೊಳೆಯುವಾಗ ಅವನಿಗೆ ಏನನ್ನಿಸಿತು ಅಂತ ಅವನನ್ನು ಕೇಳಿಯೇ ಇರಲಿಲ್ಲ. ಇವತ್ತು ಕೇಳಿದೆ. "ಮೊದಲನೇದು ಉಳಿದಾಗ ನಿನ್ನ ಕರೆಯೋಣ ಅಂದುಕೊಂಡೆ. ಕರೆದರೆ ಹಾಳಾಗುತ್ತೆ ಅಂತ ಭಯ ಆಯಿತು. ಒಬ್ಬನೇ ನೋಡೋಕೆ ಕಷ್ಟ ಆಯಿತು ಅಮ್ಮ" ಅಂದ. ಅಪ್ಪ ಪಕ್ಕದಲ್ಲೇ ಇದ್ದರಲ್ಲೋ ಅಂದೆ. "ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು" ಅಂದ.

ವಿಂಬಲ್ಡನ್ ಫೈನಲ್‌ಗೆ ಏನೇ ಆದರೂ ಏಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಸಿನ್ನರ್‌ಪಕ್ಷ | ಜುಲೈ 14, ಬೆಳಿಗ್ಗೆ 7.15

ಈ ಚರ್ಚೆ ಹುಡುಕಿಕೊಂಡು ಬಂದೆ. ನಿನ್ನೆ ವಿಂಬಲ್ಡನ್ ಫೈನಲ್ ನೋಡಿದಿರಾ? ಸಿನ್ನರ್ ಗೆದ್ದ! 4-6, 6-4, 6-4, 6-4. ಅದೇ ಇಬ್ಬರು, ಐದೇ ವಾರ ಆದ ಮೇಲೆ. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಲಿಯ ಆಟಗಾರ!

ನಾಲ್ಕನೇ ಸೆಟ್‌ನಲ್ಲಿ 4-3, ಸಿನ್ನರ್ ಸರ್ವ್, 15-40 ಆಯಿತು. ಪ್ಯಾರಿಸ್ ಕಣ್ಣ ಮುಂದೆ ಬಂತು. ಕೈಕಾಲು ತಣ್ಣಗಾಯಿತು. ಎರಡೂ ಉಳಿಸಿಕೊಂಡ. ತಮ್ಮನಿಗೆ ಆ ಹಳೇ ಮೆಸೇಜ್ ಕಳಿಸಿದೆ, ಜೂನ್ 8ರಿಂದ ಹಾಗೇ ಇತ್ತಲ್ಲ, ಅದನ್ನೇ.

ಬ್ಯಾಕ್‌ಹ್ಯಾಂಡ್‌ಭಕ್ತ | ಬೆಳಿಗ್ಗೆ 7.32

ನಾಲ್ಕನೇ ಸುತ್ತಿನಲ್ಲಿ ಸಿನ್ನರ್ ವಿರುದ್ಧ ಡಿಮಿಟ್ರೊವ್ ಎರಡು ಸೆಟ್ ಮುಂದಿದ್ದು ಗಾಯಗೊಂಡು ಬಿಟ್ಟರು, ಅದನ್ನೂ ನೆನಪಿಟ್ಟುಕೊಳ್ಳಿ. ಆದರೆ ಫೈನಲ್‌ನಲ್ಲಿ ಆಡಿದ ಆಟಕ್ಕೆ ಎರಡು ಮಾತಿಲ್ಲ. ಅಭಿನಂದನೆ.

ಎರಡನೇಸರ್ವ್ | ಬೆಳಿಗ್ಗೆ 8.05

ಅಭಿನಂದನೆ ಸಿನ್ನರ್‌ಪಕ್ಷ ಅವರೇ, ಮನಸಾರೆ. ನಾವು ಮೂವರೂ ಕೊನೆಯ ಚೆಂಡಿನವರೆಗೂ ಕೂತಿದ್ದೆವು. 15-40 ಆದಾಗ ಮಗ ನನ್ನ ಕೈ ಹಿಡಿದುಕೊಂಡ, ನಾನು ಏಳದ ಹಾಗೆ. ಪಾತ್ರೆ ಬೆಳಿಗ್ಗೆ ತೊಳೆದೆ.

ಕುಡ್ಲದವ | ಬೆಳಿಗ್ಗೆ 8.11

ಅಮೆರಿಕ ಓಪನ್ ಫೈನಲ್ ರಾತ್ರಿ ನಮ್ಮಲ್ಲಿ ಎಷ್ಟು ಗಂಟೆಗೆ ಶುರು? ಯಾರಿಗಾದರೂ ಗೊತ್ತಾದರೆ ಇಲ್ಲೇ ಹಾಕಿ.